ಜೇಬಣ್ಣನ ಎರಡನೇ ದಾರಿ

ಅವನನ್ನು ಎಲ್ಲರೂ ಜೇಬಣ್ಣ ಅಂತಲೇ ಕರೆಯುತ್ತಿದ್ದರು. ಮದುವೆ ಮನೆ, ಹೋಟೆಲ್ಲು, ಕಚೇರಿಯ ಸಮಾರಂಭ, ಎಲ್ಲಿ ಕರೆದರೂ ಹೋಗಿ ಜನರ ಮಧ್ಯೆ ನಿಂತು ಅವರ ಜೇಬಿನಲ್ಲಿದ್ದದ್ದನ್ನು ಅವರಿಗೇ ಗೊತ್ತಾಗದಂತೆ ತೆಗೆದು, ನಗಿಸಿ, ವಾಪಸು ಕೊಡುವುದು ಅವನ ಕಸುಬು. ಕಳ್ಳರಿಗೂ ಇವನಿಗೂ ಇರುವ ವ್ಯತ್ಯಾಸ ಆ ವಾಪಸು ಕೊಡುವುದರಲ್ಲಿ ಮಾತ್ರ. ಅದನ್ನು ಅವನೇ ಹೇಳಿಕೊಂಡು ಬೀಗುತ್ತಿದ್ದ.

ವಿದ್ಯೆ ಕಲಿಸಿದ್ದು ಸೋದರಮಾವ. ಬೆರಳಿನ ಕೆಲಸ ಕಾಲು ಭಾಗ, ಉಳಿದದ್ದೆಲ್ಲ ಕಣ್ಣಿನದು ಎನ್ನುತ್ತಿದ್ದ ಆ ಮಾವ. ನಿನ್ನ ಕಣ್ಣಲ್ಲ, ಎದುರಿನವನದು. ನೀನು ಅವನ ಮುಖ ನೋಡಿದರೆ ಅವನು ನಿನ್ನ ಮುಖ ನೋಡುತ್ತಾನೆ, ನೀನು ನಿನ್ನ ಕೈ ನೋಡಿಕೊಂಡೆಯೋ, ಕೆಟ್ಟೆ. ಇನ್ನೊಂದು ಪಾಠವನ್ನು ತಲೆಗೆ ಮೊಟಕಿ ಮೊಟಕಿ ಕಲಿಸಿದ್ದ. ಯಾವ ಆಟವೂ ಒಂದೇ ದಾರಿಯಲ್ಲಿ ನಿಲ್ಲಬಾರದು. ವಾಚಿನ ಬಕಲ್ ಬಿಗಿಯಾಗಿದ್ದರೆ ಮಣಿಕಟ್ಟು ಹಿಡಿದವನು ನಾಡಿ ನೋಡುವವನಾಗಬೇಕು. ಪರ್ಸ್ ಸಿಕ್ಕದಿದ್ದರೆ ಪೆನ್ನು, ಪೆನ್ನಿಲ್ಲದಿದ್ದರೆ ಕರ್ಚೀಫು. ಜೇಬಿಗೆ ಹೋದ ಬೆರಳು ಏನನ್ನಾದರೂ ಹಿಡಿದುಕೊಂಡೇ ಬರಬೇಕು. ಇದನ್ನು ಮಾವ ಎರಡನೇ ದಾರಿ ಅನ್ನುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಜೇಬಣ್ಣ ಒಂದು ದಿನವೂ ಬರಿಗೈಯಲ್ಲಿ ಬಂದವನಲ್ಲ.

ಆ ದಿನ ಕಾರ್ಖಾನೆಯೊಂದರ ಸ್ಟೋರ್ ಕೀಪರ್ ನಿವೃತ್ತರಾಗುತ್ತಿದ್ದರು. ಮಧ್ಯಾಹ್ನದ ಊಟ ಮುಗಿದಿತ್ತು. ಕ್ಯಾಂಟೀನಿನ ಬೆಂಚುಗಳನ್ನು ಗೋಡೆಗೆ ಸರಿಸಿ ಜನ ಸುತ್ತುಗಟ್ಟಿ ನಿಂತಿದ್ದರು. ಮೂವತ್ತಾರು ವರ್ಷ ನಟ್ಟು ಬೋಲ್ಟು ಎಣಿಸಿ ಕೊಟ್ಟ ಮನುಷ್ಯ. ಅರ್ಧ ಡಜನ್ ಸ್ಕ್ರೂ ಬೇಕಿದ್ದರೂ ಚೀಟಿ ಕೇಳುತ್ತಿದ್ದರಂತೆ. ಇಂಥವರ ಜೇಬು ಖಾಲಿಯಾದರೆ ಯಾರಿಗೆ ತಾನೇ ಖುಷಿಯಾಗದು? ಹೊಸ ಕೋಟು ಹಾಕಿಕೊಂಡು ಹುಡುಗನ ಹಾಗೆ ನಾಚುತ್ತ ನಡುವೆ ಬಂದು ನಿಂತರು. ಅವರ ಹೆಂಡತಿ ಮುಂದಿನ ಸಾಲಿನ ಕುರ್ಚಿಯಲ್ಲಿ ಹೂಗುಚ್ಛ ಹಿಡಿದು ಕೂತಿದ್ದರು.

ಜೇಬಣ್ಣ ಮೊದಲು ನೋಡಿದ್ದು ಆ ಹೆಂಗಸನ್ನೇ. ಹೆಂಡತಿ ನಕ್ಕರೆ ಸಭೆ ನಗುತ್ತದೆ, ಹೆಂಡತಿ ಮುಖ ಗಂಟು ಹಾಕಿದರೆ ಆಟ ಅಲ್ಲಿಗೇ ಮುಗಿಯಿತು. ಅದಕ್ಕೇ ಅವರ ಕಡೆ ಒಂದು ಕಣ್ಣು ಮಿಟುಕಿಸಿ, “ಅಕ್ಕಾ, ಇವರ ಜೇಬಲ್ಲಿ ಏನಿದೆ ಅಂತ ನಿಮಗಿಂತ ಜಾಸ್ತಿ ನನಗೆ ಗೊತ್ತಾಗುತ್ತೆ, ಬೇಜಾರಿಲ್ಲ ತಾನೆ?” ಅಂದ. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಸಭೆಯೂ ನಕ್ಕಿತು.

ವಾಚು ಕೈಕುಲುಕುವಾಗಲೇ ಬಂತು. ಅದನ್ನು ತನ್ನ ಮಣಿಕಟ್ಟಿಗೆ ಏರಿಸಿ ತೋಳು ಇಳಿಬಿಟ್ಟ. ಆಮೇಲೆ ಕೋಟಿನ ಒಳಜೇಬಿನ ಪರ್ಸು. ಹೆಗಲ ಮೇಲೆ ಕೈ ಹಾಕಿ, “ಅಗೋ ಮ್ಯಾನೇಜರ್ ಸಾಹೇಬ್ರು ಅಳ್ತಾ ಇದ್ದಾರೆ ನೋಡಿ” ಅಂದ. ಎಲ್ಲರೂ ಆ ಕಡೆ ತಿರುಗಿದರು. ಎರಡು ಬೆರಳು ಒಳಗೆ ಹೋದವು. ಜೇಬಿಗೆ ಜಿಪ್ ಇತ್ತು, ಸ್ಕ್ರೂಗೂ ಚೀಟಿ ಕೇಳುವವರ ಜೇಬಲ್ಲವೇ. ಬೆರಳು ಅರೆಗಳಿಗೆಯೂ ತಡೆಯದೆ ಪಕ್ಕದ ಅಂಗಿಜೇಬಿಗೆ ಜಾರಿ, ಅಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿದು ಬಂದವು. ಒಳಗೆ ಏನೋ ಸಣ್ಣಗೆ ಗಲಗಲ ಅಂದಿತು. ಪೆಪ್ಪರ್‌ಮಿಂಟ್ ಇರಬೇಕು ಅಂದುಕೊಂಡ. ಕೊನೆಯಲ್ಲಿ ಹಂಚಿದರೆ ಚೆನ್ನಾಗಿರುತ್ತದೆ ಅಂತಲೂ ಅಂದುಕೊಂಡ. ಡಬ್ಬಿ ಎಡಗೈ ಮುಷ್ಟಿಯಲ್ಲಿ ಅಡಗಿತು.

“ಸಾರ್, ಟೈಮ್ ಎಷ್ಟಾಯ್ತು?”

ಸ್ಟೋರ್ ಕೀಪರ್ ಮಣಿಕಟ್ಟು ನೋಡಿಕೊಂಡು ತಬ್ಬಿಬ್ಬಾದರು. ಚಪ್ಪಾಳೆಯೋ ಚಪ್ಪಾಳೆ.

“ಇನ್ನೂ ಏನೇನು ಹೋಗಿದೆ ನೋಡ್ಕೊಳ್ಳಿ ಸಾರ್. ಒಂದೊಂದೇ ಜೇಬು ತಟ್ಟಿ ನೋಡ್ಕೊಳ್ಳಿ!”

ಅವರು ತಟ್ಟಿಕೊಂಡರು. ಪ್ಯಾಂಟು, ಕೋಟು, ಅಂಗಿ. ಅಂಗಿಯ ಜೇಬನ್ನು ಎರಡನೇ ಸಲ ತಟ್ಟಿದರು, ಮೂರನೇ ಸಲ ಒಳಗೆ ಕೈ ಹಾಕಿದರು. ಹಣೆ ಒದ್ದೆಯಾಗಿತ್ತು. ಕಣ್ಣು ಅಗಲಿಸಿ ಜೇಬಣ್ಣನನ್ನು ನೋಡಿ, “ಕೊಡಿ” ಅಂದರು. ದನಿ ಅರ್ಧ ಗಂಟಲಲ್ಲೇ ಉಳಿಯಿತು. “ಕೊಡ್ರೀ.”

“ಇಷ್ಟು ಬೇಗ ಕೊಟ್ಟರೆ ಮಜಾ ಏನು ಸಾರ್!” ಅಂದ ಜೇಬಣ್ಣ. ಸಭೆಯ ಕಡೆ ತಿರುಗಿ, “ನನಗಿಂತ ಇವರೇ ಚೆನ್ನಾಗಿ ಆಟ ಆಡ್ತಾರಲ್ರೀ!”

ಜನ ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆಯೇ ಸ್ಟೋರ್ ಕೀಪರ್ ಮೊಣಕಾಲೂರಿ ಕುಸಿದರು. ಅದಕ್ಕೂ ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಹೂಗುಚ್ಛ ಬಿಸಾಡಿ ಓಡಿ ಬಂದವರು ಹೆಂಡತಿ. “ಮಾತ್ರೆ! ಜೇಬಲ್ಲಿ ಮಾತ್ರೆ ಡಬ್ಬಿ ಇದೆ, ನಾಲಿಗೆ ಕೆಳಗೆ ಇಡಬೇಕು!” ಅನ್ನುತ್ತ ಗಂಡನ ಅಂಗಿಜೇಬಿಗೆ ಕೈ ಹಾಕಿದರು. ಇಲ್ಲ. ಜೇಬಿನೊಳಗೆ ಮತ್ತೆ ತಡಕಾಡಿದರು. ಕೋಟಿಗೆ ಕೈ ಹಾಕಿದರು. ಮತ್ತೆ ಅಂಗಿಗೆ.

ಡಬ್ಬಿ ಜೇಬಣ್ಣನ ಮುಷ್ಟಿಯಲ್ಲಿತ್ತು. ಕೈ ಚಾಚಿ ಬೆರಳು ಬಿಚ್ಚಿದ್ದರೆ ಮುಗಿಯುತ್ತಿತ್ತು. ಅವನು ಬಿಚ್ಚಲಿಲ್ಲ. ಯಾಕೆ ಬಿಚ್ಚಲಿಲ್ಲ ಅಂತ ಕೇಳಿದರೆ ಅವನಲ್ಲಿ ಒಂದೇ ಉತ್ತರ, ಮತ್ತು ಅದು ನಾಚಿಕೆಗೇಡಿನ ಉತ್ತರ: ಅವನು ಜನರ ಕಣ್ಣು ಬೇರೆ ಕಡೆ ತಿರುಗಲಿ ಅಂತ ಕಾಯುತ್ತಿದ್ದ. ಒಂದು ಕ್ಷಣ ಸಿಕ್ಕರೆ ಡಬ್ಬಿಯನ್ನು ನೆಲಕ್ಕೆ ಜಾರಿಸಿ, “ಅಯ್ಯೋ, ಇಲ್ಲೇ ಬಿದ್ದಿದೆ!” ಅನ್ನಬಹುದಿತ್ತು. ಆದರೆ ಅಲ್ಲಿದ್ದ ನೂರು ಜೊತೆ ಕಣ್ಣೂ ಆ ಮನುಷ್ಯನ ಎದೆಯ ಮೇಲೆ ನೆಟ್ಟಿದ್ದವು, ಒಂದೂ ಕದಲಲಿಲ್ಲ. ಅರ್ಧ ನಿಮಿಷ ಹೋಯಿತು. ಇನ್ನರ್ಧ ಹೋಯಿತು. ಅಷ್ಟರಲ್ಲಿ ಸ್ಟೋರ್ ಕೀಪರರ ಹಲ್ಲು ಕಚ್ಚಿಕೊಂಡಿತ್ತು, ಇನ್ನು ಮಾತ್ರೆ ಇಡುವಂತಿರಲಿಲ್ಲ. ಯಾರೋ ವ್ಯಾನು ತಂದರು.

ಎತ್ತುವವರಲ್ಲಿ ಜೇಬಣ್ಣನೂ ಒಬ್ಬ. ವ್ಯಾನಿನಲ್ಲಿ ತಲೆಯ ಹತ್ತಿರ ಕೂತ. ಹೆಂಡತಿ ಗಂಡನ ಪಾದ ಉಜ್ಜುತ್ತಿದ್ದರು. ತಿರುವಿನಲ್ಲಿ ವ್ಯಾನು ವಾಲಿದಾಗ ಎಲ್ಲರೂ ಕಂಬಿ ಹಿಡಿದುಕೊಂಡರು. ಆ ಹೊತ್ತಿಗೆ ಡಬ್ಬಿ ಅಂಗಿಜೇಬಿಗೆ ಮರಳಿತು. ಅಷ್ಟು ನಯವಾಗಿ ಅವನ ಬೆರಳು ಎಂದೂ ಕೆಲಸ ಮಾಡಿರಲಿಲ್ಲ. ಡಬ್ಬಿ ಜೇಬಲ್ಲೇ ಇತ್ತು, ಗಡಿಬಿಡಿಯಲ್ಲಿ ಕೈಗೆ ಸಿಗಲಿಲ್ಲ, ಯಾರ ತಪ್ಪೂ ಅಲ್ಲ ಅಂತಾಗುತ್ತದೆ. ಎರಡನೇ ದಾರಿ ಸಲೀಸಾಗಿತ್ತು.

ಆಸ್ಪತ್ರೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಡಾಕ್ಟರು ಹೊರಗೆ ಬಂದು ತಲೆಯಾಡಿಸಿದರು. ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಹೇಳಲಾಗದು ಅಂದರು.

ಕಾರ್ಖಾನೆಯವರು ಮೊಗಸಾಲೆಯಲ್ಲಿ ಪಿಸುಗುಟ್ಟುತ್ತ ನಿಂತಿದ್ದರು. ಒಳಗಿನ ಸಣ್ಣ ಕೋಣೆಯಲ್ಲಿ ಆ ಹೆಂಗಸು ಒಬ್ಬರೇ ಕೂತಿದ್ದರು. ಜೇಬಣ್ಣ ಹೋಗಿ ವಾಚು ಬಿಚ್ಚಿ ಅವರ ಮುಂದಿಟ್ಟ. “ಜೋಪಾನವಾಗಿ ತಂದ್ರಲ್ಲ ಅಣ್ಣಾ, ಪುಣ್ಯಾತ್ಮರು ನೀವು” ಅಂದರು ಆಕೆ. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನರ್ಸ್ ಬಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಪರ್ಸು, ಕನ್ನಡಕ, ಬೀಗದ ಕೈ, ಡಬ್ಬಿ.

“ಈ ಡಬ್ಬಿ ಎಲ್ಲಿತ್ತಮ್ಮ?” ಆಕೆ ಕೇಳಿದರು.

“ಅಂಗಿ ಜೇಬಲ್ಲೇ ಇತ್ತಲ್ಲ.”

ನರ್ಸ್ ಹೋದಳು. ಆಕೆ ಡಬ್ಬಿ ನೋಡಿದರು, ಆಮೇಲೆ ತಮ್ಮ ಬಲಗೈಯನ್ನು ಯಾರದೋ ಕೈ ಅನ್ನುವಂತೆ ತಿರುಗಿಸಿ ನೋಡಿಕೊಂಡರು. “ಮೂರು ಸಲ ಹಾಕಿದೆ ಕೈ. ಇದೇ ಜೇಬಿಗೆ. ಇಲ್ಲೇ ಇತ್ತಂತೆ” ಅಂದರು. “ನನ್ನ ಕೈಗೇನಾಗಿತ್ತು? ನಾನೇ ಕೊಂದುಬಿಟ್ಟೆನಲ್ಲಪ್ಪಾ.” ಡಬ್ಬಿಯನ್ನು ಕೈಚೀಲದೊಳಗೆ ಹಾಕಿ ಜಿಪ್ ಎಳೆದರು.

ಆಗ ಜೇಬಣ್ಣನಿಗೆ ತಾನು ಮಾಡಿದ್ದು ಅರ್ಥವಾಯಿತು. ತಪ್ಪು ಯಾರ ಮೇಲೂ ಬರದಂತೆ ಇಟ್ಟೆ ಅಂದುಕೊಂಡಿದ್ದ. ಅದು ನೇರ ಹೋಗಿ ಹುಡುಕಿದಾಕೆಯ ತಲೆಯ ಮೇಲೆ ಕೂತಿತ್ತು. ಈಗ ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಅವನನ್ನು ಕೇಳುವವರು ಯಾರೂ ಇಲ್ಲ. ಈ ಹೆಂಗಸು ಮಾತ್ರ ಸಾಯುವವರೆಗೂ ತಮ್ಮ ಕೈಯನ್ನು ಹೀಗೇ ನೋಡಿಕೊಳ್ಳುತ್ತಾರೆ.

“ಅಕ್ಕಾ, ಆಗ ಅದು ಜೇಬಲ್ಲಿ ಇರಲಿಲ್ಲ. ನನ್ನ ಕೈಯಲ್ಲಿತ್ತು. ವ್ಯಾನಲ್ಲಿ ವಾಪಸ್ ಇಟ್ಟೆ.”

“ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಅಣ್ಣಾ.”

“ಸುಳ್ಳಲ್ಲ ಅಕ್ಕಾ.”

“ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಕಾಣಿಸ್ತಿರಲಿಲ್ವಾ?”

ನಂಬಿಸಲು ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅವರ ಎದುರಿಗೆ ಮೊಣಕಾಲೂರಿ ಕೂತು, “ಬಾಗಿಲಲ್ಲಿ ಯಾರೋ ಬಂದ್ರು ನೋಡಿ” ಅಂದ. ಆಕೆ ತಿರುಗಿ ನೋಡಿ ಯಾರೂ ಇಲ್ಲದ್ದು ಕಂಡು ಈ ಕಡೆ ತಿರುಗಿದಾಗ ಅವನ ಅಂಗೈಯಲ್ಲಿ ಡಬ್ಬಿ ಇತ್ತು. ಕೈಚೀಲದ ಜಿಪ್ ಹಾಕಿದಂತೆಯೇ ಇತ್ತು. ತನ್ನ ಮೇಲೆ ತನಗೇ ಇಷ್ಟು ಹೇಸಿಗೆ ಅವನಿಗೆ ಎಂದೂ ಆಗಿರಲಿಲ್ಲ.

ಆಕೆ ಬೈಯುತ್ತಾರೆ, ಹೊಡೆಯುತ್ತಾರೆ ಅಂತ ಅವನು ಕಾದ. ಹೊಡೆದಿದ್ದರೆ ಒಳ್ಳೆಯದಿತ್ತು.

“ಹಾಗಾದ್ರೆ ಅವರು ಕೊಡಿ ಅಂತ ಕೇಳಿದ್ದು ಇದನ್ನ” ಅಂದರು. “ನಾನು ವಾಚ್ ಅಂದ್ಕೊಂಡೆ. ನಾನೂ ನಕ್ಕೆ.”

“ನಗಿಸಿದ್ದು ನಾನು ಅಕ್ಕಾ.”

“ನಕ್ಕಿದ್ದು ನಾನೇ ಅಲ್ವಾ?”

ಆಕೆ ಎದ್ದು ಬಾಗಿಲು ತೆರೆದು ಮೊಗಸಾಲೆಯಲ್ಲಿದ್ದವರನ್ನೆಲ್ಲ ಒಳಗೆ ಕರೆದರು. ಮ್ಯಾನೇಜರು, ಗುಮಾಸ್ತರು, ಕುಸಿದಾಗ ಚಪ್ಪಾಳೆ ತಟ್ಟಿದ ಆ ಇಬ್ಬರು, ಎಲ್ಲರೂ ಬಂದು ಗೋಡೆಗೆ ಒರಗಿ ನಿಂತರು.

“ಇವರ ಮುಂದೆ ಹೇಳಿ. ಮೊದಲಿಂದ ಹೇಳಿ” ಅಂದರು.

ಜೇಬಣ್ಣ ಎರಡೂ ಕೈಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಹೇಳತೊಡಗಿದ. ಜಿಪ್ ಇದ್ದದ್ದು, ಡಬ್ಬಿ ಬಂದದ್ದು, ಜೇಬು ತಟ್ಟಿಕೊಳ್ಳಿ ಅಂದದ್ದು. ಮೊದಮೊದಲು ಎಲ್ಲರೂ ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು. ಸ್ಟೋರ್ ಕೀಪರ್ ‘ಕೊಡಿ’ ಅಂದ ಜಾಗಕ್ಕೆ ಬಂದಾಗ ಆ ಕೋಣೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.