ಮೈಗೆ ಕೂರುವ ಅಂಗಿ

ಕೀಲುವಾತದಿಂದ ದರ್ಜಿಯ ಬೆರಳುಗಳು ಸೊಟ್ಟಗಾದ ಮೇಲೆ ಹೆಂಡತಿಯೇ ಅವನಿಗೆ ಅಂಗಿ ತೊಡಿಸುತ್ತಿದ್ದಳು. ಈ ಕಾಯಿಲೆ ಮೂಳೆಯನ್ನೂ ಮಾಂಸಖಂಡವನ್ನೂ ಒಳಗೊಳಗೇ ತಿಂದುಹಾಕುತ್ತದೆ ಎಂಬ ಡಾಕ್ಟರ ಮಾತನ್ನು ಅವನು ನಂಬಿರಲಿಲ್ಲ. ಹಳೆಯ ಅಂಗಿಗಳೆಲ್ಲ ಇನ್ನೂ ಮೈಗೆ ಸರಿಯಾಗಿ ಕೂರುತ್ತಿದ್ದವಲ್ಲ.

“ಅಳತೆ ಡಾಕ್ಟರಿಗೆ ಗೊತ್ತೋ, ನನಗೆ ಗೊತ್ತೋ? ನಾಳೆ ಅಂಗಡಿ ತೆಗೀತೀನಿ ಕಣೇ.”

“ತೆಗೀರಂತೆ, ಮೊದಲು ಅಂಗಿ ಹಾಕ್ಕೊಳ್ಳಿ,” ಎಂದಳು.

ಹಟಕ್ಕೆ ಬಿದ್ದು ತಾನೇ ತೋಳು ತೂರಿಸಹೋದಾಗ ಕಂಕುಳಲ್ಲಿ ಏನೋ ದಪ್ಪಗೆ ಒತ್ತಿತು. ಅಂಗಿಯ ಒಳಮೈ ತಿರುಗಿಸಿ ನೋಡಿದ. ಹೊಲಿಗೆ ಅವನದಲ್ಲ, ಅದರಾಚೆ ನಾಲ್ಕು ಬೆರಳಗಲದ ಬಟ್ಟೆ ಮಡಚಿಕೊಂಡಿತ್ತು. ಬೀರುವಿನಲ್ಲಿದ್ದ ಅಂಗಿಗಳೆಲ್ಲ ಹಾಗೇ.

“ನೀವು ಸೊರಗಿದ ಹಾಗೆ ಹೊಲಿಗೆ ಒಳಗೆ ಹಿಡೀತಾ ಬಂದೆ,” ಎಂದಳು ಹೆಂಡತಿ, ನೆಲ ನೋಡುತ್ತ.

ಅವನು ಆ ಮಡಿಕೆಯನ್ನು ಸೊಟ್ಟ ಬೆರಳುಗಳಿಂದಲೇ ಅಳೆದು ನೋಡಿದ. ಆಮೇಲೆ ಅಂಗಿಯನ್ನು ಅವಳತ್ತ ಚಾಚಿದ.

“ಅಂಗಡಿ ಯಾರಿಗಾದ್ರೂ ಕೊಟ್ಟುಬಿಡೋಣ. ಇದನ್ನ ಇನ್ನೆರಡು ಬೆರಳು ಹಿಡಿದಿಡು, ಹೇಗೂ ಬೇಕಾಗುತ್ತೆ.”