ಇದೆ, ಇಲ್ಲ, ಇದೆ

ಪರೀಕ್ಷಕಿಯ ಪೆನ್ನು ನಿಂತಿತು. ಅಷ್ಟು ಹೊತ್ತೂ ಅದು ಕಾಗದದ ಮೇಲೆ ಸಣ್ಣಗೆ ಕರಕರ ಎನ್ನುತ್ತಿತ್ತು ಎಂಬುದು ವೈರಿಂಗ್ ಲೈಸೆನ್ಸಿನ ಪರೀಕ್ಷೆಗೆ ನಿಂತವಳಿಗೆ ಗೊತ್ತಾದದ್ದೇ ಸದ್ದು ನಿಂತ ಮೇಲೆ.

"ಕೈ ತೆಗೀರಿ," ಎಂದರು ಪರೀಕ್ಷಕಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಯಾರನ್ನೂ ಕೇಳದೆ ಹೋಗಿ ಹೊಸ್ತಿಲ ಮೇಲೆ ಕೂತ ಬೆಕ್ಕಿನ ಹಾಗೆ ಅದು ತನ್ನಷ್ಟಕ್ಕೆ ತಾನು ಮಗುಚಿಕೊಂಡು, ಗೋಡೆಯ ಪೆಟ್ಟಿಗೆಯಿಂದ ಹೊರಚಾಚಿದ ತಾಮ್ರದ ತಂತಿಗೆ ಬೆರಳುಗಳ ಹಿಂಬದಿಯನ್ನು ತಾಗಿಸಿಕೊಂಡಿತ್ತು. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಮೇನ್ ಸ್ವಿಚ್ ಆರಿಸಿದ್ದಳು. ಬೇರೆ ಯಾರೂ ಅದನ್ನು ಹಾಕದಂತೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಇಳಿಸಿದ್ದಳು. ಮೇಜಿನ ಮೇಲಿದ್ದ, ಬೇರೆ ಲೈನಿನಿಂದ ಕರೆಂಟ್ ಬರುತ್ತಿದ್ದ ಸಾಕೆಟ್ಟಿಗೆ ಟೆಸ್ಟರಿನ ಎರಡೂ ಮೊನೆ ಇಟ್ಟಳು, ದೀಪ ಹತ್ತಿತು. ಅದೇ ಮೊನೆಗಳನ್ನು ತಾನು ಕೆಲಸ ಮಾಡಬೇಕಾದ ತಂತಿಗಳಿಗೆ ಇಟ್ಟಳು, ಹತ್ತಲಿಲ್ಲ. ಇನ್ನು ಉಳಿದದ್ದು ಒಂದೇ. ಟೆಸ್ಟರನ್ನು ಮತ್ತೆ ಆ ಸಾಕೆಟ್ಟಿಗೇ ಒಯ್ದು, ಈ ನಡುವೆ ಅದೇ ಕೆಟ್ಟುಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಕೆಟ್ಟ ಟೆಸ್ಟರಿಗೆ ಲೋಕದ ತಂತಿಗಳಲ್ಲಿ ಒಂದರಲ್ಲೂ ಕರೆಂಟ್ ಕಾಣುವುದಿಲ್ಲ. ಆ ಮೂರನೆಯದು ಆಗಬೇಕಾದ ಜಾಗದಲ್ಲಿ ಅವಳ ಕೈ ಹೋಗಿ ಕೂತಿತ್ತು.

"ತಂತೀಲಿ ಕರೆಂಟ್ ಇರ್ಲಿಲ್ಲ ಮೇಡಂ."

"ಇರ್ಲಿಲ್ಲ ಅಂತ ನಿಮಗ್ಯಾರು ಹೇಳಿದ್ರು?"

"ಟೆಸ್ಟರ್."

"ಟೆಸ್ಟರ್ ನಿಜ ಹೇಳ್ತಿದೆ ಅಂತ ಯಾರು ಹೇಳಿದ್ರು?" ಪರೀಕ್ಷಕಿ ಕನ್ನಡಕವನ್ನು ಹಣೆಗೇರಿಸಿದರು. ಅವರ ಉಗುರಿನ ಸಂದಿಯಲ್ಲಿ ಕಪ್ಪು ಟೇಪಿನ ಅಂಟು ಇತ್ತು. ಅವರೂ ಏಣಿ ಹತ್ತಿದವರೇ. "ಅದನ್ನ ಕೇಳ್ಕೊಂಡು ಬಾ ಅಂತ ಕೈನ ಕಳಿಸಿದ್ರಿ. ಯಾರ ಹತ್ರ ಕಲಿತದ್ದು?"

"ನಮ್ಮ ಮಾವನ ಹತ್ರ. ಗಂಡನ ತಂದೆ."

"ಹೀಗೆ ಮುಟ್ಟಿ ನೋಡು ಅಂತ ಅವರೇ ಹೇಳ್ಕೊಟ್ರಾ?"

ಅವಳು ಯೋಚಿಸಿದಳು. ಉತ್ತರದಲ್ಲಿ ಮಾವನ ಮರ್ಯಾದೆಯೂ ಇತ್ತು, ಸತ್ಯವೂ ಇತ್ತು. ಪುಣ್ಯಕ್ಕೆ ಎರಡೂ ಜಗಳವಾಡಲಿಲ್ಲ. "ಇಲ್ಲ ಮೇಡಂ. ಮುಟ್ಟಬೇಡ ಅಂತಾನೇ ಹೇಳ್ಕೊಟ್ರು. ಮುಟ್ತಾ ಮುಟ್ತಾ ಹೇಳ್ಕೊಟ್ರು."

ಪರೀಕ್ಷಕಿಗೆ ನಗು ಬಂತು. ಅದನ್ನು ತಡೆಯುವ ಶ್ರಮವನ್ನು ಅವರು ತೆಗೆದುಕೊಳ್ಳಲಿಲ್ಲ. "ಉಳಿದದ್ದೆಲ್ಲ ಚೊಕ್ಕವಾಗಿದೆ. ಆದ್ರೆ ಇದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ. ಮುಂದಿನ ತಿಂಗಳು ಬಂದು ಇದೊಂದನ್ನ ಮತ್ತೆ ಮಾಡಿ. ಆಗಲೂ ಕೈ ಹೋಯ್ತು ಅಂದ್ರೆ ಇನ್ನೊಂದು ವರ್ಷ ಲೈಸೆನ್ಸ್ ಇರೋರ ಕೈಕೆಳಗೆ ಕಲೀಬೇಕು. ನಿಯಮ ಹಾಗಿದೆ."

ಇನ್ನೊಂದು ವರ್ಷ ಮಾವನ ಬಳಿ ಇರಲಿಲ್ಲ. ಅವರ ಲೈಸೆನ್ಸ್ ಈ ವರ್ಷದ ಕೊನೆಗೆ ಮುಗಿಯುತ್ತಿತ್ತು. ಮತ್ತೆ ಪಡೆಯಬೇಕಾದರೆ ಕಣ್ಣಿನ ಪರೀಕ್ಷೆ ಆಗಬೇಕು, ಮಾವನ ಕಣ್ಣಿಗೋ ಸಂಜೆಯಾದರೆ ಹಸಿರು ತಂತಿಯೂ ನೀಲಿ ತಂತಿಯೂ ಅಣ್ಣ ತಮ್ಮಂದಿರ ಹಾಗೆ ಕಾಣತೊಡಗಿದ್ದವು. "ನೋಡಿದ್ದು ಸಾಕು," ಎಂದು ಅವರೇ ನಿರ್ಧರಿಸಿದ್ದರು. ಅಷ್ಟರಲ್ಲಿ ಸೊಸೆಯ ಕೈಗೆ ಲೈಸೆನ್ಸ್ ಬಾರದಿದ್ದರೆ ಅಂಗಡಿಯ ಬಾಗಿಲು ಎಳೆಯಬೇಕಾಗುತ್ತಿತ್ತು.

ಅದು ಮನೆಯ ಲೆಕ್ಕ. ಅವಳದ್ದೇ ಒಂದು ಲೆಕ್ಕ ಬೇರೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಬೀದಿಯವರು ಅವಳನ್ನು ಲೈಟಕ್ಕ, ಮಾವನನ್ನು ಫ್ಯೂಸ್ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಗೋಡೆ ಕೊರೆದು, ಪೈಪು ಹೂತು, ತಂತಿ ಎಳೆದು, ಒಂದೊಂದು ಸ್ಕ್ರೂವಿನ ತಲೆಯ ಗೀರನ್ನೂ ನೆಟ್ಟಗೆ ನಿಲ್ಲಿಸುವವಳು ಅವಳೇ. ಕೊನೆಯಲ್ಲಿ ಮಾವ ಬಂದು ಸಹಿ ಹಾಕುತ್ತಿದ್ದರು. ಮನೆಯವರು ದೀಪ ಹಾಕಿ ನೋಡಿ, "ಫ್ಯೂಸ್ ಮೇಸ್ತ್ರಿ ಕೆಲಸ ಅಂದ್ರೆ ಕೆಲಸ," ಎನ್ನುತ್ತಿದ್ದರು. ಮಾವ ಪ್ರತಿ ಸಲವೂ, "ನಂದಲ್ಲ, ಇವಳದ್ದು," ಎನ್ನುತ್ತಿದ್ದರು. ಪ್ರತಿ ಸಲವೂ ಅದು ದೊಡ್ಡವರ ವಿನಯವಾಗಿಯೇ ಕೇಳಿಸುತ್ತಿತ್ತು.

ಅವಳು ಹಿಂದಿರುಗಿದಾಗ ಮಾವ ಅಂಗಡಿಯ ಸ್ಟೂಲಿನ ಮೇಲೆ ಕೂತು ಯಾರದೋ ಫ್ಯಾನಿನ ಹೊಟ್ಟೆ ಬಿಚ್ಚಿದ್ದರು. ಅವಳ ಚಪ್ಪಲಿಯ ಸದ್ದಿನಲ್ಲೇ ಫಲಿತಾಂಶ ಅರ್ಥವಾಗಿತ್ತೋ ಏನೋ, ತಲೆ ಎತ್ತಲಿಲ್ಲ.

"ಎಲ್ಲಿ ಎಡವಿದೆಯಮ್ಮ?"

ಅವಳು ಹೇಳಿದಳು. ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಮುಟ್ಟಿದ್ಯಾ? ತಂತೀನ? ಯಾವ ಕತ್ತೆ ಕಲಿಸಿದ್ದು ನಿಂಗೆ ಅದನ್ನ?"

ಒಳಗಿನ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಅತ್ತೆ ಉತ್ತರ ಕೊಟ್ಟರು. "ಆ ಕತ್ತೆ ಜೊತೆ ನಾನು ಸಂಸಾರ ಮಾಡ್ತಿದ್ದೀನಿ."

"ನಾನೆಲ್ಲಿ ಮುಟ್ತೀನಿ?"

"ಎಲ್ಲಿ ಮುಟ್ಟಲ್ಲ ಅಂತ ಕೇಳಿ. ಇಸ್ತ್ರಿ ಪೆಟ್ಟಿಗೆಗೆ ಕೈ ಮಗುಚಿ. ಫ್ರಿಜ್ಜಿನ ಬಾಗಿಲಿಗೆ ಕೈ ಮಗುಚಿ. ನಂಗೆ ಜ್ವರ ಬಂದ್ರೆ ಹಣೆ ಮೇಲೂ ಕೈ ಮಗುಚಿ ಇಡ್ತಾರೆ, ನಾನೇನು ಶಾಕ್ ಹೊಡೀತೀನಾ?"

"ಹೊಡೀತೀಯ," ಎಂದರು ಮಾವ. ಆದರೆ ಮುಖ ನಗಲಿಲ್ಲ. ತನ್ನ ಬಗ್ಗೆ ಊರಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲದ ಸಂಗತಿ ಕೇಳಿದವರ ಮುಖ ಅದು. ಎದ್ದು ಅಂಗಡಿಯ ಹಿಂದಿನ ಗೋಡೆಗೆ ಹೋದರು. ಅವಳು ಅಭ್ಯಾಸ ಮಾಡಲೆಂದು ಅಲ್ಲಿ ಒಂದು ಹಲಗೆಗೆ ಸ್ವಿಚ್ಚು, ಸಾಕೆಟ್ಟು, ಪೆಟ್ಟಿಗೆ ಎಲ್ಲ ಜೋಡಿಸಿದ್ದರು. "ನಾನು ಮಾಡ್ತೀನಿ, ನೀನು ನೋಡು. ನಿಯಮ ಪ್ರಕಾರ."

ಮೇನ್ ಆರಿಸಿದರು, ಬೀಗ ಹಾಕಿದರು. ಟೆಸ್ಟರನ್ನು ಬೇರೆ ಲೈನಿನ, ಕರೆಂಟಿರುವ ಸಾಕೆಟ್ಟಿಗೆ ಇಟ್ಟರು, ದೀಪ ಹತ್ತಿತು. ತಂತಿಗೆ ಇಟ್ಟರು, ಹತ್ತಲಿಲ್ಲ. "ಇನ್ನು ಮೂರನೇದು," ಎಂದು ಗಟ್ಟಿಯಾಗಿ ಹೇಳುತ್ತಲೇ ಕೈ ಮಗುಚಿ ತಂತಿಯನ್ನು ಮುಟ್ಟಿದರು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೊಸೆ ಕ್ಯಾಲೆಂಡರ್ ನೋಡತೊಡಗಿದಳು.

ಮಾವ ತಂತಿಯ ಮೇಲಿನ ತಮ್ಮ ಕೈಯನ್ನು ದಿಟ್ಟಿಸಿದರು. ಕರೆಂಟು ಹೊಡೆದರೆ ಸ್ನಾಯು ಬಿಗಿದು ಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ. ಅಂಗೈಯಿಂದ ಮುಟ್ಟಿದವನು ತಂತಿಯನ್ನೇ ಹಿಡಿದುಕೊಂಡುಬಿಡುತ್ತಾನೆ, ಹಿಂಬದಿಯಿಂದ ಮುಟ್ಟಿದವನ ಕೈ ಕಿತ್ತು ಬರುತ್ತದೆ. ಹಳೆಯ ಮೇಸ್ತ್ರಿಗಳು ಶರೀರಶಾಸ್ತ್ರ ಓದದೆ ಕಂಡುಕೊಂಡ ಉಪಾಯ. ಅದು ಸುಳ್ಳಲ್ಲ. ಕೈ ಕಿತ್ತು ಬರುವ ಮೊದಲು ಕರೆಂಟು ಎದೆಯ ಮೂಲಕ ಹಾದುಹೋಗಿರಬಹುದು ಎಂಬುದೂ ಸುಳ್ಳಲ್ಲ.

"ಕೂತ್ಕೋ," ಎಂದರು ಮಾವ. ತಾವೂ ಕೂತು ಬಲಗೈಯನ್ನು ಬೆಳಕಿಗೆ ಚಾಚಿದರು. ನಡುಬೆರಳಿನ ಗೆಣ್ಣಿನ ಕೆಳಗೆ ಅಕ್ಕಿಕಾಳಿನಷ್ಟು ಬಿಳಿ ಕಲೆ. ಅವಳು ಅದನ್ನು ದಿನವೂ ಕಂಡಿದ್ದಳು, ಕೇಳಿರಲಿಲ್ಲ. "ಆಗ ನಾನಿನ್ನೂ ಮೇಸ್ತ್ರಿ ಕೈಕೆಳಗೆ. ಹಿಟ್ಟಿನ ಗಿರಣಿ. ಟೆಸ್ಟರ್ ಹಿಡಿದೆ, ಕರೆಂಟ್ ಇಲ್ಲ ಅಂತು. ಮೇಸ್ತ್ರಿ ದೂರದಿಂದ ಕೂಗಿದ್ರು, ಕೈ ಮಗುಚಿ ನೋಡೋ ಅಂತ. ನೋಡಿದೆ. ಒದ್ದ ಒದೆತಕ್ಕೆ ಹಿಟ್ಟಿನ ಮೂಟೆ ಮೇಲೆ ಹೋಗಿ ಬಿದ್ದೆ. ಎದ್ದಾಗ ದೆವ್ವದ ಹಾಗೆ ಬೆಳ್ಳಗಿದ್ದೆ. ಟೆಸ್ಟರ್ ಒಳಗೆ ಕೆಟ್ಟಿತ್ತು. ಅವತ್ತು ಟೆಸ್ಟರ್ ನಂಬಿ ತಂತೀನ ಅಂಗೈಯಲ್ಲಿ ಹಿಡಿದು ಕೆಲಸ ಶುರು ಮಾಡಿದ್ದಿದ್ರೆ ಇವತ್ತು ನಿಮ್ಮತ್ತೆ ಇನ್ನೊಬ್ಬನ್ನ ಬೈತಾ ಇರ್ತಿದ್ಲು. ಈ ಕೈ ಉಳಿಸಿದೆ ನನ್ನ. ಅದಕ್ಕೆ ಮರ್ಯಾದೆ ಕೊಡ್ತೀನಿ."

ಅವಳು ಆ ಕಲೆಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಮಾವನ ಮಾತಿಗೆ ಎದುರು ಮಾತು ಆಡಿದವಳಲ್ಲ. ಆಡುವ ಅಗತ್ಯವೂ ಬಿದ್ದಿರಲಿಲ್ಲ.

"ಮಾವ, ಅವತ್ತು ಟೆಸ್ಟರನ್ನ ಇನ್ನೊಂದು ಸಲ ಕರೆಂಟಿರೋ ಕಡೆ ಇಟ್ಟು ನೋಡಿದ್ರೆ?"

"ನೋಡಿದ್ರೆ?"

"ಅಲ್ಲೂ ಹತ್ತುತ್ತಿರ್ಲಿಲ್ಲ. ಟೆಸ್ಟರ್ ಕೆಟ್ಟಿದೆ ಅಂತ ಅಲ್ಲೇ ಗೊತ್ತಾಗ್ತಿತ್ತು. ಕೈ ಸುಡ್ತಿರ್ಲಿಲ್ಲ."

ಫ್ಯಾನಿನ ರೆಕ್ಕೆಯೊಂದು ಗಾಳಿಗೆ ನೆಲದ ಮೇಲೆ ಸಣ್ಣಗೆ ಅಲುಗಿತು. ಮಾವ ಚಹಾ ಕುಡಿದರು, ಲೋಟದ ತಳದಲ್ಲಿದ್ದ ಸಕ್ಕರೆಯನ್ನು ಬೆರಳಲ್ಲಿ ತೆಗೆದು ನೆಕ್ಕಿದರು. ಅವರು ಸಿಟ್ಟಾಗಿದ್ದಾರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

"ಹಿಟ್ಟಿನ ಮೂಟೆ ಮೇಲೂ ಬೀಳ್ತಿರ್ಲಿಲ್ಲ," ಎಂದರು ಲೋಟ ಕೆಳಗಿಟ್ಟು. "ಅದು ಯಾಕೆ ನಂಗೆ ಇಷ್ಟು ದಿನ ಹೊಳೀಲಿಲ್ಲ?"

"ನೀವು ಬದುಕಿದ್ದರಿಂದ," ಎಂದರು ಅತ್ತೆ, ಲೋಟ ಎತ್ತಿಕೊಂಡು ಒಳಹೋಗುತ್ತ.

ಮರುದಿನದಿಂದ ಅಂಗಡಿಯ ಹಿಂದಿನ ಗೋಡೆಯ ಮುಂದೆ ಇಬ್ಬರು ಶಿಷ್ಯರಾದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಸುಟ್ಟದ್ದರಿಂದಲೇ ಹುಟ್ಟಿದ ಗುಣ, ಇನ್ನೂ ಗಟ್ಟಿ. ಮಾವ ಮೊದಲು ಬಲಗೈಗೆ ಬಟ್ಟೆ ಸುತ್ತಿ ನೋಡಿದರು. ಕೈ ಬಟ್ಟೆ ಸಮೇತ ಹೋಯಿತು. ಜೇಬಿನಲ್ಲಿಟ್ಟುಕೊಂಡು ನೋಡಿದರು, ಮೊಣಕೈ ಮುಂದಾಯಿತು. "ತಡೆದ್ರೆ ಆಗಲ್ಲ ತಾಯಿ," ಎಂದರು ಮೂರು ನಾಲ್ಕು ದಿನ ಬಿಟ್ಟು. "ಜಾಗ ಖಾಲಿ ಬಿಟ್ರೆ ಹಳೇ ಬಾಡಿಗೆಯವನೇ ಬಂದು ಸೇರ್ಕೋತಾನೆ. ಅಲ್ಲಿ ಇನ್ನೊಬ್ಬನ್ನ ಕೂರಿಸಬೇಕು."

ಕೂರಿಸಿದ್ದು ಬಾಯಿಮಾತನ್ನು. ಟೆಸ್ಟರ್ ಇಟ್ಟ ಪ್ರತಿ ಸಲವೂ ಕಂಡದ್ದನ್ನು ಗಟ್ಟಿಯಾಗಿ ಹೇಳುವುದು. ಸಾಕೆಟ್ಟಿಗೆ ಇಟ್ಟು, "ಇದೆ." ತಂತಿಗೆ ಇಟ್ಟು, "ಇಲ್ಲ." ಮತ್ತೆ ಸಾಕೆಟ್ಟಿಗೆ ಇಟ್ಟು, "ಇದೆ." ಮೂರನೆಯ ಮಾತು ಹೇಳದಿದ್ದರೆ ಬಾಯಿಗೆ ತುತ್ತು ಅರ್ಧಕ್ಕೆ ನಿಂತ ಹಾಗಾಗಬೇಕು. ಇದೆ, ಇಲ್ಲ, ಇದೆ. ಮಾವನ ದಪ್ಪ ದನಿ, ಹಿಂದೆ ಅವಳದು.

ಪಕ್ಕದ ಕೋಣೆಯಲ್ಲಿ ಅವಳ ಗಂಡ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಮೇಸ್ತ್ರಿಯ ಮಗನಾಗಿ ಹುಟ್ಟಿಯೂ ಬಲ್ಬು ಬದಲಿಸಲು ಹೆಂಡತಿಯನ್ನು ಕರೆಯುವವನು. ತಾನು ಸೂಜಿಯ ಚುಚ್ಚಿಗೆ ಮಾತ್ರ ಒಗ್ಗಿದವನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅವನು ಯಂತ್ರ ನಿಲ್ಲಿಸಿ ಕೂಗಿದ, "ಅಪ್ಪ, ನೀವಿಬ್ಬರೂ ದೇವರ ವಿಚಾರ ಮಾತಾಡ್ತಿದ್ದೀರಾ? ಒಂದು ತೀರ್ಮಾನಕ್ಕೆ ಬನ್ನಿ."

"ಬಂದಿದ್ದೀವಿ," ಎಂದು ಮಾವ ಕೂಗಿದರು. "ಎರಡು ಸಲ ಇದೆ, ಒಂದು ಸಲ ಇಲ್ಲ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಎಣ್ಣೆ ಮಾತ್ರ ಮೂರು ಸಲವೂ ಇಲ್ಲ. ಯಾರಾದ್ರೂ ಅಂಗಡಿಗೆ ಹೋಗಿ ಬನ್ನಿ."

ಅವಳು ನಗುತ್ತ ಚೀಲ ತೆಗೆದುಕೊಂಡು ಹೊರಟಳು. ಪರೀಕ್ಷೆಯ ದಿನ ಹತ್ತಿರ ಬರುತ್ತಿತ್ತು. ನಡೆಯುವಾಗ ನಾಲಿಗೆಯ ತುದಿಯಲ್ಲಿ ಆ ಮೂರು ಮಾತುಗಳು ತಾವಾಗಿ ಹೆಜ್ಜೆಗೆ ಹೊಂದಿಕೊಂಡವು.

ಎರಡನೆಯ ಸಲ ಅದೇ ಕೋಣೆ, ಅದೇ ಪರೀಕ್ಷಕಿ. ಬೀಗ ಹಾಕಿ ಕೀಲಿ ಜೇಬಿಗಿಳಿಸಿದಳು. "ಇದೆ," ಎಂದಳು. ತಂತಿಗೆ ಇಟ್ಟು, "ಇಲ್ಲ," ಎಂದಳು. ಅಷ್ಟರಲ್ಲಿ ಬಲಗೈಯ ಬೆರಳುಗಳು ಟೆಸ್ಟರಿನ ಮೇಲೆ ಸಡಿಲವಾದದ್ದು ಅವಳಿಗೆ ಗೊತ್ತಾಯಿತು. ಹಳೆಯ ಬಾಡಿಗೆಯವನು ಬಾಗಿಲು ತಟ್ಟುತ್ತಿದ್ದ. ಪೆನ್ನಿನ ಸದ್ದು ನಿಂತಿರಲಿಲ್ಲ. ಬಾಯಿ ತನ್ನ ಮೂರನೆಯ ಮಾತಿಗಾಗಿ ಆಗಲೇ ಅರ್ಧ ತೆರೆದುಕೊಂಡಿತ್ತು, ಅದನ್ನು ಹೇಳಬೇಕಾದರೆ ಸಾಕೆಟ್ಟಿಗೇ ಹೋಗಬೇಕು. ಬೆರಳು ಮತ್ತೆ ಬಿಗಿಯಾದವು, ಅವಳು ತಿರುಗಿದಳು, ಮೊನೆಗಳನ್ನು ಇಟ್ಟಳು. ದೀಪ ಹತ್ತಿತು.

"ಇದೆ."

"ಬಾಯಲ್ಲಿ ಹೇಳ್ಬೇಕು ಅಂತ ನಿಯಮ ಇಲ್ಲ," ಎಂದರು ಪರೀಕ್ಷಕಿ, ಬರೆಯುತ್ತಲೇ.

"ನಿಯಮಕ್ಕಲ್ಲ ಮೇಡಂ. ಕೈಗೆ."

ವರ್ಷ ತಿರುಗಿದ ಮೇಲೆ ತನ್ನದೇ ಲೈಸೆನ್ಸಿನಲ್ಲಿ ಅವಳು ಹಿಡಿದ ಮೊದಲ ಕೆಲಸ ಹೊಸದಾಗಿ ಕಟ್ಟಿದ ಒಂದು ಬಟ್ಟೆ ಒಗೆಯುವ ಅಂಗಡಿಯದು. ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಲೈಸೆನ್ಸ್ ಇಲ್ಲದವರು ಲೈಸೆನ್ಸ್ ಇರುವವರ ಕಣ್ಣಳತೆಯಲ್ಲಿಯೇ ಇರಬೇಕು ಎಂಬುದು ನಿಯಮ. ಲೈಸೆನ್ಸ್ ಮುಗಿದಿದ್ದ ಮಾವ ಅವಳ ಹಿಂದೆಯೇ ಚೀಲ ಹೊತ್ತು ಬಂದರು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ," ಎಂದರು ಏಣಿ ಹಿಡಿದುಕೊಂಡು. "ಮಾವನ ಕಾಲ ಯಾವಾಗ ಮುಗೀತು ಅಂತ ಯಾರೂ ಹೇಳೇ ಇಲ್ಲ."

"ಕಣ್ಣಳತೆ ಬಿಟ್ಟು ಹೋಗ್ಬೇಡಿ ಮಾವ."

"ಎಲ್ಲಿಗೆ ಹೋಗ್ಲಿ ತಾಯಿ, ಚೀಲದಲ್ಲಿ ನನ್ನ ಊಟ ಇದೆ."

ಅವಳು ಪೆಟ್ಟಿಗೆಯ ಮುಂದೆ ನಿಂತಳು. ಇದೆ, ಎಂದಳು. ಇಲ್ಲ, ಎಂದಳು. ಬೆನ್ನ ಹಿಂದೆ ಏನೋ ಸರಿದಂತಾಗಿ ಕತ್ತು ತಿರುಗಿಸಿದಳು. ಮಾವ ತಮ್ಮ ಬಲಗೈಯನ್ನು ಎಡಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು, ತುಂಟ ಕರುವನ್ನು ಹಿಡಿದವರಂತೆ, ಅವಳ ಮೂರನೆಯ ಮಾತಿಗೆ ಕಾಯುತ್ತಿದ್ದರು. ಅವಳು ಅದನ್ನೂ ಹೇಳಿ ಕೆಲಸಕ್ಕೆ ತೊಡಗಿದಳು.

ಮಧ್ಯಾಹ್ನಕ್ಕೆ ಅಂಗಡಿಯ ಒಡತಿ ಎರಡು ಲೋಟ ಚಹಾ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ದೀಪಗಳನ್ನು ಒಂದೊಂದಾಗಿ ಹಾಕಿ ನೋಡಿ, "ಚೆನ್ನಾಗಿದೆ ಮೇಸ್ತ್ರಿ," ಎಂದಳು. ಮಾವ ಕಿಟಕಿಯಾಚೆ ನೋಡತೊಡಗಿದರು. ಒಡತಿ ಒಂದು ಕ್ಷಣ ಅವರನ್ನು ನೋಡಿ, ಆಮೇಲೆ ಏಣಿಯ ಕಡೆ ತಿರುಗಿದಳು. ಸೊಸೆ ಏಣಿಯಿಂದ ಇಳಿದು, ಕೈ ಒರೆಸಿಕೊಂಡು, ಸಹಿ ಹಾಕಲು ಪೆನ್ನು ತೆಗೆದಳು.

ಕಿಟಕಿಯ ಬಳಿ ಮಾವ ಕೈ ಮಗುಚಿ, ಬೆರಳುಗಳ ಹಿಂಬದಿಯನ್ನು ಮೊದಲು ಒಂದು ಲೋಟಕ್ಕೆ, ಆಮೇಲೆ ಇನ್ನೊಂದಕ್ಕೆ ತಾಗಿಸಿ ನೋಡಿದರು. ಬಿಸಿ ಉಳಿದಿದ್ದ ಲೋಟವನ್ನು ಅವಳ ಕಡೆಗೆ ಸರಿಸಿದರು.