ಎಮ್ಮೆಗೆ ಹನ್ನೆರಡು ಬಕೆಟ್

ಶನಿವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಒಲೆ ಹತ್ತಲಿಲ್ಲ. ಅಡುಗೆಮನೆ ನೋಡಿಕೊಳ್ಳುವ ಹೆಂಗಸು ಮೂರು ಕಡ್ಡಿ ಗೀರಿದಳು. ಮೊದಲ ಎರಡು ಕಡ್ಡಿ, ಬರ್ನರಿನಿಂದ ಬಂದ ಗಾಳಿಗೇ ಆರಿದವು. ಮೂರನೆಯದು ಬೆರಳು ಸುಟ್ಟಿತು. ಹನ್ನೊಂದು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲು.

ಅವಳನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ. ಒಲೆ ಏಕೆ ಹತ್ತಲಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಹತ್ತದಂತೆ ಮಾಡಿದವಳು ಅವಳೇ.

ಅಡುಗೆಮನೆಯ ಹಿಂದೆ, ಗೋಡೆಗೆ ಒತ್ತಿ, ಹತ್ತು ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇದೆ. ರೋಗಿಗಳ ತಟ್ಟೆಯಲ್ಲಿ ಉಳಿದದ್ದು, ತರಕಾರಿ ಸಿಪ್ಪೆ, ಎದುರಿನ ಬೇಕರಿಯಲ್ಲಿ ಮಾರಾಟವಾಗದ ಬ್ರೆಡ್ಡು, ಎಲ್ಲವನ್ನೂ ನೀರು ಹಾಕಿ ರುಬ್ಬಿ ಅದರ ಬಾಯಿಗೆ ಸುರಿಯುತ್ತಾರೆ. ಒಳಗಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಉರಿಯುವ ಅನಿಲ ಕೊಡುತ್ತವೆ. ನೂರಿಪ್ಪತ್ತು ಜನರ ಗಂಜಿ ಅದರಲ್ಲೇ ಬೇಯುತ್ತದೆ. ಹಿಂದೆ ಅಲ್ಲಿ ಕಲ್ಲಿದ್ದಲ ಒಲೆಗಳಿದ್ದವು. ಅಡುಗೆಮನೆಯ ನೇರ ಮೇಲಿನ ಮಹಡಿಯಲ್ಲಿರುವುದು ಉಸಿರಾಟದ ತೊಂದರೆಯವರ ವಾರ್ಡು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಸೆಕೆ. ಕೆಮ್ಮು ವಾಸಿಯಾಗಲೆಂದು ಬಂದವರಿಗೆ ಕೆಳಗಿನಿಂದ ಕೆಮ್ಮು ಕಳಿಸುತ್ತಿದ್ದೇನೆ ಎಂದು ಅಕ್ಕ ಒಂದು ದಿನ ಮನೆಯಲ್ಲಿ ಹೇಳಿದ್ದಳು. ಟ್ಯಾಂಕಿನ ಕಥೆ ಶುರುವಾದದ್ದು ಅಲ್ಲಿಂದ.

ಕಟ್ಟಿದವರು ಇಬ್ಬರು. ಒಬ್ಬ ಅವಳ ಗಂಡ, ಅದೇ ಆಸ್ಪತ್ರೆಯ ವೆಲ್ಡರ್. ಇನ್ನೊಬ್ಬ ಅವಳ ತಮ್ಮ. ಅವನು ಆಗ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ. ತೊಳೆಯುತ್ತಲೇ ಅಲ್ಲಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ. ಕೂಳನ್ನು ಒಂದು ದಿನ ಸಣ್ಣ ಪೀಪಾಯಿಯಲ್ಲಿ ಹುಳಿ ಬರಿಸಿ, ಆಮೇಲೆ ದೊಡ್ಡ ಟ್ಯಾಂಕಿಗೆ ಬಿಡಬೇಕು ಎಂಬುದು ಅವನ ತಲೆ. ಸೋರದ ಹಾಗೆ ಬೆಸುಗೆ ಹಾಕಿದ್ದು ಭಾವನ ಕೈ. ಎರಡು ವರ್ಷಗಳಲ್ಲಿ ಏಳು ಟ್ಯಾಂಕ್ ಕೆಟ್ಟವು. ಎಂಟನೆಯದು ನಿಂತಿತು. ಹಾಕಿದ್ದೆಲ್ಲ ತಿಂದು, ಮೆಲುಕು ಹಾಕಿದಂತೆ ಗುಳುಗುಳು ಎನ್ನುವ ಆ ಕರಿ ಆಕಾರಕ್ಕೆ ತಮ್ಮ ಎಮ್ಮೆ ಎಂದು ಹೆಸರಿಟ್ಟ.

ಆರು ವರ್ಷಗಳ ಹಿಂದೆ ಒಂದು ಪತ್ರಿಕೆಯವರು ಬಂದರು. ತಮ್ಮ ಆ ದಿನ ಪೈಪು ತರಲು ಪೇಟೆಗೆ ಹೋಗಿದ್ದ. ಭಾನುವಾರ ಹನ್ನೊಂದು ಸಾಲಿನ ಸುದ್ದಿ ಬಂತು, ಜೊತೆಗೆ ಒಂದು ಚಿತ್ರ. ಚಿತ್ರದಲ್ಲಿ ಗಂಡ ಒಬ್ಬನೇ ಇದ್ದ. ಕೆಳಗೆ 'ಟ್ಯಾಂಕ್ ಕಂಡುಹಿಡಿದ ವೆಲ್ಡರ್' ಎಂದಿತ್ತು. ತಿದ್ದಲು ಒಂದು ಪತ್ರ ಬರೆದಿದ್ದರೆ ಸಾಕಿತ್ತು. ಗಂಡ ಬರೆಯಲಿಲ್ಲ. ಮೊದಲ ವಾರ ಸಂಕೋಚದಿಂದ, ಆಮೇಲೆ ತಡವಾಯಿತು ಎಂದು. ತಮ್ಮ ಕೂಗಾಡಲಿಲ್ಲ. ನಾಲ್ಕು ಕ್ಯಾನ್‌ಗಳಲ್ಲಿ ಟ್ಯಾಂಕಿನ ರಾಡಿ ತುಂಬಿಕೊಂಡ, ಹಾಲಿಗೆ ಹೆಪ್ಪು ಒಯ್ಯುವ ಹಾಗೆ.

"ಎಮ್ಮೆ ನಿಮ್ಮದೇ ಇರಲಿ ಭಾವ. ಕರು ನಂದು" ಎಂದು ಬಸ್ಸು ಹತ್ತಿದ.

ನಾಲ್ಕು ಗಂಟೆ ದೂರದ ಊರೊಂದರಲ್ಲಿ, ತರಕಾರಿ ಮಾರುಕಟ್ಟೆಯ ಹಿಂದೆ, ಅವನ ಟ್ಯಾಂಕ್ ಎದ್ದಿತು. ತಿಂಗಳಿಗೊಮ್ಮೆ ಅಕ್ಕನಿಗೆ ಫೋನ್ ಮಾಡುತ್ತಾನೆ. ಊಟ ಆಯ್ತಾ, ಮಂಡಿನೋವು ಹೇಗಿದೆ, ಇಡ್ಲಾ. ಎರಡು ನಿಮಿಷ. ಬಾ ಎಂದರೆ "ನೋಡೋಣ" ಎನ್ನುತ್ತಾನೆ. 'ನೋಡೋಣ' ಎಂದರೆ ಏನೆಂದು ಅವನನ್ನು ಎತ್ತಿ ಆಡಿಸಿದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವನ ನೀಲಿ ಏಪ್ರನ್ ಈಗಲೂ ಉಗ್ರಾಣದ ಬಾಗಿಲ ಮೊಳೆಯಲ್ಲೇ ಇತ್ತು. ಅಕ್ಕ ಅದನ್ನು ವರ್ಷಕ್ಕೆರಡು ಸಲ ಒಗೆದು ಅಲ್ಲೇ ತೂಗುಹಾಕುತ್ತಿದ್ದಳು. ಬೆಳಿಗ್ಗೆ ಬಂದವನೇ ಅವನು ಟ್ಯಾಂಕಿನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು, ಕಿವಿಯಿಟ್ಟು, ಒಳಗೆ ಅನಿಲ ಎಷ್ಟಿದೆಯೆಂದು ಹೇಳುತ್ತಿದ್ದ. ಮೀಟರ್ ನೋಡಿದರೆ ಅಷ್ಟೇ ಇರುತ್ತಿತ್ತು. ಅವನು ಹೋದ ಮೇಲೆ ಅಕ್ಕನೂ ಬಡಿದು ನೋಡುತ್ತಿದ್ದಳು. ಅವಳಿಗೆ ತಗಡಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆದರೂ ಆರು ವರ್ಷ ದಿನವೂ ಬಡಿದಳು.

ಎಮ್ಮೆಗೆ ದಿನಕ್ಕೆ ಆರು ಬಕೆಟ್. ಹೆಚ್ಚಾದರೆ ಟ್ಯಾಂಕ್ ಹುಳಿಯಾಗುತ್ತದೆ, ಅನಿಲ ಕೊಡುವ ಜೀವಿಗಳು ಮಂಕಾಗುತ್ತವೆ. ಬಕೆಟ್ಟಿನ ಒಳಗೆ ಕೆಂಪು ಬಣ್ಣದ ಗೆರೆ ಎಳೆದವನು ತಮ್ಮ. ಅಕ್ಕ ಹನ್ನೊಂದು ವರ್ಷದಲ್ಲಿ ಆ ಗೆರೆ ದಾಟಿದವಳಲ್ಲ. ಈ ವಾರ ಮಾತ್ರ ಸೋಮವಾರದಿಂದ ಶುಕ್ರವಾರದವರೆಗೆ ಅವಳು ದಿನಕ್ಕೆ ಹನ್ನೆರಡು ಬಕೆಟ್ ಹಾಕಿದಳು, ಹೆಚ್ಚಿನ ಆರೂ ಬರೀ ಬ್ರೆಡ್ಡು. ರೋಗಿಗಳ ಗಂಜಿ ನಿಲ್ಲಬಾರದೆಂದು ಹಿಂದಿನ ವಾರವೇ ನಾಲ್ಕು ಸಿಲಿಂಡರ್ ತರಿಸಿ ಮೆಟ್ಟಿಲ ಕೆಳಗೆ ಇಟ್ಟಿದ್ದಳು. ಎಮ್ಮೆಗೆ ಕಾಯಿಲೆ ಬಂದರೆ ತಮ್ಮ ಬರುತ್ತಾನೆ. ಅವಳ ಯೋಚನೆ ಇಷ್ಟೇ.

ಬುಧವಾರ ಅವಳಿಗೆ ಹೆದರಿಕೆಯಾಯಿತು. ಪರೀಕ್ಷೆಯ ಕಾಗದದ ಪಟ್ಟಿಯನ್ನು ರಾಡಿಯಲ್ಲಿ ಅದ್ದಿದರೆ ದಿನವೂ ಹಸಿರು ಬರುತ್ತಿದ್ದುದು ಅಂದು ಹಳದಿಗೆ ತಿರುಗಿತ್ತು. ಕಾಯಿಲೆ ಬರಲಿ, ಸಾಯಬಾರದು. ಹುಳಿ ಇಳಿಸಲು ಸುಣ್ಣ ಹಾಕುವುದುಂಟು.

"ರೀ, ಒಂದೆರಡು ಸೇರು ಸುಣ್ಣ ಕಲಸಿ ಹಾಕೋಣ್ವಾ?" ಎಂದು ಗಂಡನನ್ನು ಕೇಳಿದಳು.

ಗಂಡ ಕಾಗದದ ಪಟ್ಟಿ ನೋಡಿದ. ಮೂಲೆಯಲ್ಲಿದ್ದ ಖಾಲಿ ಬ್ರೆಡ್ ಟ್ರೇಗಳನ್ನೂ ನೋಡಿದ.

"ಸುಣ್ಣ ಮುಗಿದಿದೆ" ಎಂದ.

ಗುರುವಾರವೂ ಶುಕ್ರವಾರವೂ ಅವಳ ಕೈ ತಡೆಯಲಿಲ್ಲ. ಶನಿವಾರ ಒಲೆ ಹತ್ತಲಿಲ್ಲ.

ಸಿಲಿಂಡರ್ ಜೋಡಿಸಿ ಗಂಜಿಗಿಟ್ಟು ಅವಳು ಫೋನ್ ಹಚ್ಚಿದಳು. ಗಂಡ ಬಾಗಿಲ ಬಳಿ ನಿಂತು ಕೈ ಒರೆಸುತ್ತಿದ್ದ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

"ಎಮ್ಮೆ ಮಲಗಿಬಿಟ್ಟಿದೆ ಕಣೋ."

"ಕಾಗದ ಏನನ್ನುತ್ತೆ?"

"ಹಳದಿ."

"ಎಷ್ಟು ಹಳದಿ?"

"ನಿಂಬೆಹಣ್ಣಿನಷ್ಟು."

ಆ ಕಡೆ ಮಾರುಕಟ್ಟೆಯ ಗದ್ದಲ ಕೇಳುತ್ತಿತ್ತು. "ಸುಣ್ಣ ಹಾಕಿದ್ರಾ?"

"ಮುಗಿದಿದೆಯಂತೆ."

"ಸುಣ್ಣ ಮುಗಿಯುತ್ತಾ? ಭಾವ ಇರೋ ಮನೇಲಿ?" ಗದ್ದಲ ದೂರ ಸರಿಯಿತು. "ಅಲ್ಲೇ ಇದಾರಾ?"

"ಇದಾರೆ."

"ನಾಳೆ ಹನ್ನೊಂದಕ್ಕೆ ಬರ್ತೀನಿ. ಕರು ಹೊಟ್ಟೆಯಿಂದ ಒಂದಿಷ್ಟು ತರ್ತೀನಿ. ಎಮ್ಮೆ ನೋಡೋಕೆ, ಅಷ್ಟೇ."

ನಿಜ ಹೇಳಬೇಕೆಂದರೆ, ಹತ್ತು ಕಿಲೋಮೀಟರ್ ಆಚೆಯ ದನದ ಕೊಟ್ಟಿಗೆಯ ಸಗಣಿಯಿಂದಲೂ ಟ್ಯಾಂಕ್ ಚೇತರಿಸಿಕೊಳ್ಳುತ್ತಿತ್ತು, ನಾಲ್ಕು ದಿನ ತಡವಾಗಿ. ಅದು ಅಕ್ಕನಿಗೂ ಗೊತ್ತಿತ್ತು, ಗಂಡನಿಗೂ ಗೊತ್ತಿತ್ತು. ಇಬ್ಬರೂ ಕೊಟ್ಟಿಗೆಯ ಮಾತೆತ್ತಲಿಲ್ಲ.

ಭಾನುವಾರ ಹನ್ನೊಂದೂ ಇಪ್ಪತ್ತಕ್ಕೆ ಸಣ್ಣ ಟೆಂಪೋ ಬಂತು. ಹಿಂದೆ ಹನ್ನೆರಡು ನೀಲಿ ಡ್ರಮ್ಮುಗಳು. ತಮ್ಮ ಇಳಿದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅದನ್ನು ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಅವನು ಅಕ್ಕನ ಮುಖ ಒಮ್ಮೆ ನೋಡಿ, ನೇರ ಹಿತ್ತಲಿಗೆ ನಡೆದು, ಟ್ಯಾಂಕಿಗೆ ಮೂರು ಸಲ ಬಡಿದು ಕಿವಿಯಿಟ್ಟ.

ಆಮೇಲೆ ಆರು ವರ್ಷಗಳಲ್ಲಿ ಮೊದಲ ಸಲ ಭಾವನ ಜೊತೆ ಮಾತಾಡಿದ.

"ಏನ್ ಭಾವ, ಎಮ್ಮೆಗೆ ಮದುವೆ ಊಟ ಹಾಕಿದ್ರಾ?"

"ಬ್ರೆಡ್ಡು ಮಿಕ್ಕಿತ್ತು. ನಾನೇ ಹಾಕಿದೆ" ಎಂದ ಗಂಡ.

ಅಕ್ಕ ತಲೆಯೆತ್ತಿದಳು. ಗಂಡ ಅವಳ ಕಡೆ ನೋಡಲಿಲ್ಲ.

"ವೆಲ್ಡಿಂಗ್ ಮಾಡೋರ ಕೈಗೆ ಬಕೆಟ್ ಕೊಟ್ರೆ ಹಿಂಗೇ ಆಗೋದು" ಎಂದ ತಮ್ಮ.

"ಬಾಟ್ಲಿ ತೊಳೆಯೋರು ಬಂದಿದಾರಲ್ಲ, ಸರಿಮಾಡ್ತಾರೆ ಬಿಡು."

ಕೆಲಸ ಶುರುವಾಯಿತು. ಮೊದಲು ಟ್ಯಾಂಕಿನಿಂದ ಸಾವಿರ ಲೀಟರ್ ಹುಳಿ ರಾಡಿ ತೆಗೆಯಬೇಕು, ಆಮೇಲೆ ಡ್ರಮ್ಮುಗಳನ್ನು ಸುರಿಯಬೇಕು. ಗಂಡ ಕೆಳಗಿನ ನಲ್ಲಿಯ ಬಳಿ ಕೂತ, ಅಕ್ಕ ಬಕೆಟ್ ಸಾಗಿಸಿದಳು, ತಮ್ಮ ಗುಂಡಿಗೆ ಸುರಿದ. ನಾತಕ್ಕೆ ಮೇಲಿನ ವಾರ್ಡಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮಾತೆಲ್ಲ ಕೆಲಸದ್ದೇ: "ಹಿಡಿ", "ಬಿಡು", "ಕಾಲು ನೋಡ್ಕೋ". ಅಕ್ಕನಿಗೆ ಮಂಡಿ ನೋಯುತ್ತಿತ್ತು. ಕೂತುಕೋ ಎಂದು ಇಬ್ಬರೂ ಹೇಳಿದರು. ಅವಳು ಕೂರಲಿಲ್ಲ.

ಏಳನೇ ಡ್ರಮ್ಮಿನ ಹೊತ್ತಿಗೆ ಹಗ್ಗ ಬೇಕಾಯಿತು. ತಮ್ಮ ಉಗ್ರಾಣಕ್ಕೆ ಹೋದ. ಮೊದಲಿನ ಹಾಗೇ, ಯಾರನ್ನೂ ಕೇಳದೆ. ಬಾಗಿಲ ಮೊಳೆಯ ಮುಂದೆ ಸ್ವಲ್ಪ ನಿಂತದ್ದು ಹೊರಗಿನಿಂದ ಕಾಣಿಸಿತು. ಬರುವಾಗ ಏಪ್ರನ್ ಅವನ ಮೈಮೇಲಿರಲಿಲ್ಲ. ಹಗಲಿನ ಬೆಳಕಿನಲ್ಲಿ ಹೆಗಲ ಮೇಲೆ ಒಂದು ಚೀಲ ಬೆಳ್ಳಗೆ ಕಂಡಿತು. ಅದನ್ನು ಮೂವರ ನಡುವೆ ಇಳಿಸಿದ. ಧೂಳೆದ್ದಿತು. ಬಾಯಿ ಹೊಲಿದ, ಬಿಚ್ಚದ, ಇಪ್ಪತ್ತೈದು ಕಿಲೋ ಸುಣ್ಣ.

"ಹಳೇ ಗೋಣಿಗಳ ಕೆಳಗಿತ್ತು. ಮುಗಿದ ಸುಣ್ಣ ಇದೇನಾ?"

ಅಕ್ಕ ಗಂಡನನ್ನು ನೋಡಿದಳು. ಗಂಡ ನಲ್ಲಿಯ ತಿರುಪನ್ನೇ ನೋಡುತ್ತಿದ್ದ.

"ಅಕ್ಕ, ದಿನಕ್ಕೆ ಎಷ್ಟು ಬಕೆಟ್ ಹಾಕಿದೆ?"

"ಇವರು ಹಾಕಿದ್ದು..."

"ಎಷ್ಟು?"

"ಹನ್ನೆರಡು."

"ಎಷ್ಟು ದಿನ?"

"ಐದು."

ತಮ್ಮ ಸುಣ್ಣದ ಚೀಲದ ಮೇಲೆ ಕೂತುಬಿಟ್ಟ. ಮೊದಲು ನಕ್ಕ. ನಗು ಹೆಚ್ಚು ದೂರ ಹೋಗಲಿಲ್ಲ. "ಒಬ್ಬರು ವಿಷ ಹಾಕೋದು, ಇನ್ನೊಬ್ಬರು ಔಷಧಿ ಬಚ್ಚಿಡೋದು. ಚೆನ್ನಾಗಿದೆ ಸಂಸಾರ. ನಿಮ್ಮಿಬ್ಬರಿಗೂ ಒಂದು ಕಾಗದ ಬರೆಯೋಕೆ ಬರ್ತಿರಲಿಲ್ವಾ?"

"ಬರೆದಿದ್ರೆ ಬರ್ತಿದ್ಯಾ?" ಎಂದ ಗಂಡ.

ತಮ್ಮ ಯೋಚಿಸಿದ. "ಇಲ್ಲ."

"ಮತ್ತೆ?"

ಗಂಡ ಕೈ ತೊಳೆದುಕೊಂಡು ಎದ್ದ. ನಿಂತುಕೊಂಡೇ, ಯಾರನ್ನೂ ನೋಡದೆ, ಹೇಳಿದ: "ಆ ಪೇಪರಿನವರು ಕೇಳಿದ್ರು ಕಣೋ, ಇನ್ಯಾರಾದ್ರೂ ಇದಾರಾ ಅಂತ. ಇದಾನೆ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಫೋಟೋದವನು ನಗಿ ಅಂದ."

"ನಕ್ಕಿರಿ."

"ನಕ್ಕೆ."

ತಮ್ಮ ಚಾಕು ತೆಗೆದು ಚೀಲದ ಹೊಲಿಗೆ ಕತ್ತರಿಸಿದ. "ನೀರು ತನ್ನಿ ಭಾವ. ಕಲಸೋಣ."

ಎರಡೂವರೆಗೆ ಕೆಲಸ ಮುಗಿಯಿತು. ಅಕ್ಕ ಮೂರು ತಟ್ಟೆ ಹಾಕಿದಳು. ಒಳಗೆ ಬಾ ಎಂದರೆ ಮೈಯೆಲ್ಲ ನಾತ ಎಂದು ತಮ್ಮ ಹಿತ್ತಲಿನಲ್ಲೇ ಮಗುಚಿದ ಬಕೆಟ್ಟಿನ ಮೇಲೆ ಕೂತು ಉಂಡ. ಹಾಗಾಗಿ ಇನ್ನಿಬ್ಬರೂ ಅಲ್ಲೇ ಬಕೆಟ್ ಮಗುಚಿಕೊಂಡರು. ಅವನು ಇನ್ನೊಂದು ಸಲ ಅನ್ನ ಹಾಕಿಸಿಕೊಳ್ಳಲಿ ಎಂದು ಅಕ್ಕ ಸಟ್ಟುಗ ಹಿಡಿದೇ ಇದ್ದಳು. ಅವನು ಒಂದು ಸಲ ಹಾಕಿಸಿಕೊಂಡ. ಎರಡನೇ ಸಲ ತಟ್ಟೆಗೆ ಕೈ ಅಡ್ಡ ಹಿಡಿದ.

"ರಾತ್ರಿ ಉಳಿಯೋ."

"ಕರುವಿಗೆ ಯಾರು ಹಾಕ್ತಾರೆ? ಅಲ್ಲಿರೋ ಕೆಲಸದವನಿಗೆ ಗೆರೆ ಕಾಣಲ್ಲ, ನಿನ್ನ ಥರ" ಎಂದ. "ಹತ್ತು ದಿನ ಏನೂ ಹಾಕಬೇಡ. ಆಮೇಲೆ ದಿನಕ್ಕೊಂದು ಬಕೆಟ್. ಕಾಗದ ಹಸಿರಾದ ಮೇಲೆ ಆರು. ಮತ್ತೆ ಹಿಂಗೆ ಮಾಡಬೇಡ ಅಕ್ಕ. ಇನ್ನೊಂದು ಸಲ ಅದು ಏಳಲ್ಲ."

"ಇನ್ನೊಂದು ಸಲ ನೀನೂ ಬರಲ್ಲ."

ಅವನು ತಟ್ಟೆ ತೊಳೆಯಲು ಎದ್ದ.

ಖಾಲಿ ಡ್ರಮ್ಮುಗಳಲ್ಲಿ ಒಂದನ್ನಾದರೂ ಮರೆತು ಹೋಗಬಹುದೆಂದು ಅಕ್ಕ ಕಾದಳು. ಗಂಡ ಹನ್ನೆರಡನ್ನೂ ತೊಳೆದುಕೊಟ್ಟ, ತಮ್ಮ ಹನ್ನೆರಡನ್ನೂ ಎಣಿಸಿ ಕಟ್ಟಿದ. ಏಪ್ರನ್ ಮೊಳೆಯಲ್ಲೇ ಉಳಿಯಿತು. ನಾಲ್ಕೂ ಹತ್ತಕ್ಕೆ ಟೆಂಪೋ ಹೊರಟಿತು. ಗೇಟಿನ ಬಳಿ ಅಕ್ಕ ನಿಂತಿದ್ದಾಗ ಗಂಡ ಬಂದು ಪಕ್ಕದಲ್ಲಿ ನಿಂತ.

"ಬುಧವಾರವೇ ಗೊತ್ತಿತ್ತಾ ನಿಮಗೆ?"

"ಮಂಗಳವಾರ" ಎಂದ ಗಂಡ.

ಹದಿನೆಂಟನೇ ದಿನ, ಗುರುವಾರ, ಕಾಗದ ಹಸಿರಾಯಿತು. ಮರುದಿನ ಐದೂ ಮುಕ್ಕಾಲಿಗೆ ಮೊದಲ ಕಡ್ಡಿಗೇ ಒಲೆ ಹತ್ತಿತು. ಅಕ್ಕ ಫೋನ್ ಹಚ್ಚಿ, ಹತ್ತಿತು ಎಂದಳು. ತಮ್ಮ ಹ್ಞೂಂ ಎಂದ. ಗಂಡ ಅವಳ ಕೈಯಿಂದ ಫೋನ್ ತೆಗೆದುಕೊಂಡು ಬರ್ನರಿನ ಒಂದು ಗೇಣು ದೂರಕ್ಕೆ ಹಿಡಿದ. ಉರಿ ಬುಸುಗುಡುತ್ತಿತ್ತು. ಅರ್ಧ ನಿಮಿಷ ಹಾಗೇ ಹಿಡಿದಿದ್ದ.

"ಗಾಳಿ ಜಾಸ್ತಿ ಆಗಿದೆ ಭಾವ. ಗಾಳಿಯ ತಿರುಪು ಕಾಲು ಸುತ್ತು ಮುಚ್ಚಿ" ಎಂದಿತು ಫೋನ್.

ಗಂಡ ಕಾಲು ಸುತ್ತು ಮುಚ್ಚಿದ. ಸದ್ದು ಇಳಿಯಿತು. ಅಕ್ಕ ಗಂಜಿಯ ಹಂಡೆ ಎತ್ತಿ ಒಲೆಯ ಮೇಲಿಟ್ಟಳು.